ತನ್ನ ಹುದ್ದೆ ಖಾಲಿ ಇದೆ ಅಂತ ತಾನೇ ಟೈಪ್ ಮಾಡಿದ ಟೀಚರ್: ಸದನದ ಪ್ರಶ್ನೆಗಳನ್ನು ಓದುವುದು ಹೇಗೆ

ನನ್ನ ತಂಗಿ ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ದಾವಣಗೆರೆಯಿಂದ ದಿನಾ ಹೋಗಿ ಬರುತ್ತಾಳೆ. ಸರ್ಕಾರಿ ಬಸ್ಸು ಸಿಕ್ಕ ದಿನ ಫ್ರೀ, ಪ್ರೈವೇಟ್ ಬಸ್ಸು ಹತ್ತಿದ ದಿನ ಚಾರ್ಜು. ಗೌರವಧನ ತಿಂಗಳಿಗೆ 12,000 ರೂಪಾಯಿ. 2025ರ ಬಜೆಟ್‌ನಲ್ಲಿ ಎರಡು ಸಾವಿರ ಜಾಸ್ತಿ ಮಾಡಿದ ಮೇಲೆ ಇಷ್ಟು. ಅದೂ ತಿಂಗಳು ತಿಂಗಳು ಬರುವುದಿಲ್ಲ, ಬಂದಾಗ ಒಟ್ಟಿಗೆ ಬರುತ್ತದೆ. ಬೇಸಿಗೆ ರಜೆಗೆ ಅದೂ ಇಲ್ಲ.

ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ನಡೆಯುತ್ತಿದ್ದಾಗಿನ ಮಾತು. ಮಕ್ಕಳು ಬಿಸಿಯೂಟಕ್ಕೆ ಕೂತಿದ್ದಾರೆ, ಹೆಡ್ ಮಾಸ್ಟರ್ ಮೊಬೈಲಿಗೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಿತ್ತು. 'ಎಲ್‌ಎಕ್ಯು. ಅತೀ ಜರೂರು. ಮಧ್ಯಾಹ್ನ 3 ಗಂಟೆಯೊಳಗೆ ಮಾಹಿತಿ ಕಳುಹಿಸುವುದು.' ಕೆಳಗೆ ಒಂದು ಖಾಲಿ ಟೇಬಲ್. ಮಂಜೂರಾದ ಹುದ್ದೆ, ಕಾರ್ಯನಿರತ, ಖಾಲಿ, ಷರಾ.

'ಮೇಡಂ, ನೀವು ಫಾಸ್ಟ್ ಟೈಪ್ ಮಾಡ್ತೀರಿ, ಇದೊಂದು ತುಂಬಿಕೊಡ್ರಿ' ಅಂದರಂತೆ ಹೆಡ್ ಮಾಸ್ಟರ್.

ಇವಳು ತುಂಬಿದಳು. ಮಂಜೂರು 5, ಕಾರ್ಯನಿರತ 3, ಖಾಲಿ 2. ಆ ಎರಡರಲ್ಲಿ ಒಂದು ಇವಳು ಪಾಠ ಮಾಡುತ್ತಿರುವ ಹುದ್ದೆ. ರಾತ್ರಿ ಮನೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಹೇಳಿದಳು, 'ಅಣ್ಣಾ, ಇವತ್ತು ನನ್ನನ್ನೇ ನಾನು ಖಾಲಿ ಅಂತ ತುಂಬಿ ಬಂದೆ.' ನಗುತ್ತಲೇ ಹೇಳಿದಳು. ನನಗೆ ಮಾತ್ರ ಆ ಟೇಬಲ್ ತಲೆಯಿಂದ ಹೋಗಲಿಲ್ಲ.

ಟಿವಿಯಲ್ಲಿ ನಾವು ನೋಡುವ ಅಧಿವೇಶನ ಅಂದರೆ ಕೂಗಾಟ, ಬಾವಿಗಿಳಿಯುವುದು, ಕಾಗದ ಹರಿದು ತೂರುವುದು. ಅದರ ಹಿಂದೆ ಇಂಥ ಸಾವಿರಾರು ಟೇಬಲ್‌ಗಳು ಓಡಾಡುತ್ತಿರುತ್ತವೆ. ಎಲ್‌ಎಕ್ಯು ಅಂದರೆ ವಿಧಾನಸಭೆಯ ಪ್ರಶ್ನೆ, ಎಲ್‌ಸಿಕ್ಯು ಅಂದರೆ ವಿಧಾನ ಪರಿಷತ್ತಿನದು. ಯಾವುದೇ ಸರ್ಕಾರಿ ಆಫೀಸಿನಲ್ಲಿ ಈ ಮೂರಕ್ಷರ ಹೇಳಿ ನೋಡಿ, ಚಹಾ ಕುಡಿಯುತ್ತಿದ್ದವರೂ ಎದ್ದು ಕೂರುತ್ತಾರೆ. ಶಾಸಕರು ಮುಂಚಿತವಾಗಿ ಪ್ರಶ್ನೆ ಬರೆದು ಕೊಡಬೇಕು. ಅದು ವಿಧಾನಸಭೆಯ ಸಚಿವಾಲಯದಿಂದ ಇಲಾಖೆಗೆ, ಇಲಾಖೆಯಿಂದ ಆಯುಕ್ತರಿಗೆ, ಅಲ್ಲಿಂದ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐಗೆ, ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒಗೆ, ಕೊನೆಗೆ ಜಗಳೂರಿನ ಒಂದು ಶಾಲೆಯ ಬಿಸಿಯೂಟದ ಹೊತ್ತಿಗೆ ಬಂದು ಬೀಳುತ್ತದೆ. ಮತ್ತೆ ಅದೇ ಏಣಿ ಹತ್ತಿ ಮೇಲೆ ಹೋಗಿ, ಕೂಡಿಸಿ ಕಳೆದು, ಸಚಿವರ ಕೈಯಲ್ಲಿ ಒಂದು ಹಾಳೆಯಾಗುತ್ತದೆ.

ಪ್ರಶ್ನೆಯಲ್ಲಿ ಎರಡು ಜಾತಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು, ಶಾಸಕರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಬರೀ ಲಿಖಿತ ಉತ್ತರ. ಟಿವಿಯವರಿಗೆ ಮೊದಲನೆಯದು ಬೇಕು. ನನ್ನ ಕೇಳಿದರೆ ಎರಡನೆಯದೇ ಜಾಸ್ತಿ ಬೆಲೆಯದು. ಯಾಕಂದ್ರೆ ಅಲ್ಲಿ ಗಲಾಟೆ ಇಲ್ಲ, ಅಂಕಿ ಇದೆ, ಸಚಿವರ ಸಹಿ ಇದೆ. ಆಮೇಲೆ 'ನಾನು ಹಾಗೆ ಹೇಳಲೇ ಇಲ್ಲ' ಅನ್ನುವ ಹಾಗಿಲ್ಲ. ವಿಧಾನಸಭೆಯ ವೆಬ್‌ಸೈಟಿನಲ್ಲಿ ಈ ಉತ್ತರಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಬಿಡುವಿದ್ದಾಗ ನಿಮ್ಮ ತಾಲ್ಲೂಕಿನ ಹೆಸರು ಇರುವ ಒಂದನ್ನು ತೆಗೆದು ಓದಿ. ಕಾದಂಬರಿಯಷ್ಟು ಸ್ವಾರಸ್ಯ ಇಲ್ಲ, ಆದರೆ ಪಾತ್ರಗಳೆಲ್ಲಾ ಗೊತ್ತಿರುವವರೇ.

ಓದುವಾಗ ಮೊದಲು ಗೊತ್ತಾಗುವುದು ಆ ಭಾಷೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಅ ಆ ಇ ಈ ಅಂತ ಭಾಗಗಳು. '(ಅ) ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಉತ್ತರ ಒಂದೇ ಪದ, 'ಬಂದಿದೆ.' '(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?' ಇಲ್ಲಿ ಅರ್ಧ ಪುಟ ನಿಯಮ, ಆದೇಶದ ಸಂಖ್ಯೆ, ದಿನಾಂಕ. '(ಇ) ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು?' ಇದಕ್ಕೆ, 'ಆರ್ಥಿಕ ಇಲಾಖೆಯ ಸಹಮತಿ ಪಡೆದು ಹಂತ ಹಂತವಾಗಿ ಕ್ರಮ ವಹಿಸಲಾಗುವುದು.' ಮುಗೀತು. ಕೆಲವು ಸಲ ಬರೀ 'ಉದ್ಭವಿಸುವುದಿಲ್ಲ' ಅಂತ ಇರುತ್ತದೆ. ನನಗೆ ಈ ಪದ ಅಂದರೆ ಪ್ರಾಣ. ಇಡೀ ಊರಿನ ಕಷ್ಟವನ್ನು ಒಂದೇ ಉಸಿರಿಗೆ ಇಲ್ಲವಾಗಿಸುವ ಪದ ಕನ್ನಡದಲ್ಲಿ ಇನ್ನೊಂದಿಲ್ಲ.

ಸಚಿವರನ್ನು ಬೈಯುವ ಮೊದಲು ಪ್ರಶ್ನೆಯನ್ನೂ ನೋಡಬೇಕು. 'ಗಮನಕ್ಕೆ ಬಂದಿದೆಯೇ' ಅಂತ ಕೇಳಿದರೆ 'ಬಂದಿದೆ' ಅಂತಲೇ ಉತ್ತರ ಬರುತ್ತದೆ ಅಲ್ವಾ? ಕೇಳಿದ್ದೇ ಅಷ್ಟು. ಮೊನಚಿಲ್ಲದ ಪ್ರಶ್ನೆ ಕೇಳಿ, ಮೊಂಡು ಉತ್ತರ ಬಂತು ಅಂತ ಮೈಕ್ ಮುಂದೆ ಸಿಟ್ಟಾಗುವ ಶಾಸಕರನ್ನು ನಾವು ಎಷ್ಟು ನೋಡಿಲ್ಲ.

ದುಡ್ಡಿನ ಪ್ರಶ್ನೆಯಲ್ಲಿ ಮೂರು ಪದ ಬೇರೆ ಬೇರೆ ಅನ್ನುವುದು ಗೊತ್ತಿದ್ದರೆ ಅರ್ಧ ಆಟ ಅರ್ಥವಾದ ಹಾಗೆ. ಹಂಚಿಕೆ, ಬಿಡುಗಡೆ, ವೆಚ್ಚ. ಬಜೆಟ್ ಪುಸ್ತಕದಲ್ಲಿ ಬರೆದದ್ದು ಹಂಚಿಕೆ. ಅದು ಮದುವೆ ಮಾತುಕತೆಯಲ್ಲಿ ಹೇಳಿದ ಒಡವೆ ಇದ್ದ ಹಾಗೆ, ಇನ್ನೂ ಕೈಗೆ ಬಂದಿಲ್ಲ. ಆರ್ಥಿಕ ಇಲಾಖೆ ಕಂತು ಕಂತಾಗಿ ಕಳಿಸಿದ್ದು ಬಿಡುಗಡೆ. ಕೆಲಸ ಆಗಿ ಬಿಲ್ ಪಾಸಾಗಿದ್ದು ವೆಚ್ಚ. ಸಚಿವರು 'ಈ ಯೋಜನೆಗೆ ಇಷ್ಟು ಕೋಟಿ ಕೊಟ್ಟಿದ್ದೇವೆ' ಅಂದಾಗ ಈ ಮೂರರಲ್ಲಿ ಯಾವುದು ಅಂತ ಕೇಳಬೇಕು. ಬಿಡುಗಡೆ ಆಗಿದ್ದು ಯಾವ ತಾರೀಖು ಅಂತಲೂ ಕೇಳಬೇಕು. ಮಾರ್ಚ್ ಎಂಡಿನಲ್ಲಿ ದುಡ್ಡು ಬಿಟ್ಟು, ಮಾರ್ಚ್ 31ರೊಳಗೆ ಖರ್ಚು ಮಾಡಿ ಅಂದರೆ ಅದು ಹೇಗೆ ಖರ್ಚಾಗುತ್ತದೆ ಅಂತ ಗುತ್ತಿಗೆದಾರರನ್ನು ಕೇಳಿದರೆ ಗೊತ್ತಾಗುತ್ತದೆ.

ವೆಚ್ಚ ಅನ್ನುವ ಪದದಲ್ಲೂ ಒಂದು ಮಸಲತ್ತಿದೆ. ಇಲಾಖೆಯಿಂದ ನಿಗಮದ ಬ್ಯಾಂಕ್ ಖಾತೆಗೆ ದುಡ್ಡು ಹೋದರೆ ಇಲಾಖೆಯ ಲೆಕ್ಕದಲ್ಲಿ ಅದು ಖರ್ಚಾದ ಹಾಗೆ. ಫಲಾನುಭವಿಗೆ ತಲುಪಿತಾ ಅನ್ನುವುದು ಬೇರೆ ಪ್ರಶ್ನೆ. ವಾಲ್ಮೀಕಿ ಅಭಿವೃದ್ಧಿ ನಿಗಮದ ಹಗರಣ ನೆನಪಿರಬೇಕಲ್ಲ. 2024ರ ಮೇ ತಿಂಗಳಲ್ಲಿ ನಿಗಮದ ಒಬ್ಬ ನೌಕರ ಆತ್ಮಹತ್ಯೆ ಮಾಡಿಕೊಂಡ ಮೇಲೆ ಹೊರಗೆ ಬಂತು, ಜೂನ್‌ನಲ್ಲಿ ಸಚಿವರು ರಾಜೀನಾಮೆ ಕೊಟ್ಟರು, ಜುಲೈ ಅಧಿವೇಶನ ಪೂರ್ತಿ ಅದೇ ಗದ್ದಲ. ವಿರೋಧ ಪಕ್ಷ 187 ಕೋಟಿ ಅಂದಿತು, ಮುಖ್ಯಮಂತ್ರಿ ಸದನದಲ್ಲಿ ಅಕ್ರಮವಾಗಿ ಹೋಗಿದ್ದು 89.63 ಕೋಟಿ ಅಂದರು. ಹರಿಹರದ ರಾಜನಹಳ್ಳಿ ವಾಲ್ಮೀಕಿ ಪೀಠದ ಜಾತ್ರೆಗೆ ವರ್ಷಾ ವರ್ಷಾ ಲಾರಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬರುವ ಜನರ ಹೆಸರಿನ ದುಡ್ಡು ಅದು. ಅದು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಹೈದರಾಬಾದಿನ ಖಾತೆಗಳಿಗೆ ಹರಿದು ಹೋಗುವವರೆಗೆ, 'ನಿಗಮದ ಖಾತೆಯಲ್ಲಿ ಈವತ್ತಿಗೆ ಎಷ್ಟು ಬಾಕಿ ಇದೆ, ಯಾವ ಬ್ಯಾಂಕಿನಲ್ಲಿದೆ' ಅಂತ ಯಾರಾದರೂ ಒಬ್ಬರು ಎರಡು ಸಾಲಿನ ಪ್ರಶ್ನೆ ಹಾಕಿದ್ದರೆ ಏನಾಗುತ್ತಿತ್ತೋ ಅಂತ ನಾನು ಯೋಚಿಸುತ್ತೇನೆ.

ಉತ್ತರ ತಪ್ಪಾದರೆ ಏನಾಗುತ್ತದೆ? ಎರಡು ಸಂಗತಿ ಹೇಳುತ್ತೇನೆ, ಎರಡೂ ಪಕ್ಷದ್ದು, ಯಾರೂ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ.

ಒಂದು, ಪಿಎಸ್‌ಐ ನೇಮಕಾತಿ. 545 ಹುದ್ದೆ, 2021ರ ಅಕ್ಟೋಬರ್ 3ರಂದು ಪರೀಕ್ಷೆ. ಅಕ್ರಮ ಆಗಿದೆ ಅಂತ ಅಭ್ಯರ್ಥಿಗಳು ಬಡಕೊಂಡರು. 2022ರ ಮಾರ್ಚ್‌ನಲ್ಲಿ ಸದನದಲ್ಲಿ ಪ್ರಶ್ನೆ ಬಂದಾಗ ಆಗಿನ ಗೃಹ ಸಚಿವ ಆರಗ ಜ್ಞಾನೇಂದ್ರ ಅಂಥದ್ದೇನೂ ಆಗಿಲ್ಲ ಅಂದರು. ಮರು ತಿಂಗಳೇ ಸಿಐಡಿ ತನಿಖೆ ಶುರುವಾಯಿತು, ಆಯ್ಕೆ ಪಟ್ಟಿ ರದ್ದಾಯಿತು, ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಐಪಿಎಸ್ ಅಧಿಕಾರಿಯೇ ಬಂಧನವಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಮ್ಮ ಬೀದಿಯ ಒಬ್ಬ ಹುಡುಗ ಆ ಎರಡು ವರ್ಷ ಮೂರು ತಿಂಗಳಲ್ಲಿ ಓಟದ ಪ್ರಾಕ್ಟೀಸ್ ಬಿಟ್ಟ, ಮೊಬೈಲ್ ಅಂಗಡಿ ಸೇರಿದ, ಮದುವೆ ಆದ. ಮರುಪರೀಕ್ಷೆಯ ದಿನ ಹೆಂಡತಿಯ ಊರಿನಲ್ಲಿ ಜಾತ್ರೆ ಅಂತ ಹೋಗಲೇ ಇಲ್ಲ.

ಇನ್ನೊಂದು, ಗೃಹಲಕ್ಷ್ಮಿ. 2025ರ ಡಿಸೆಂಬರ್, ಬೆಳಗಾವಿ. ಆಗಸ್ಟ್‌ವರೆಗಿನ ಕಂತು ಕೊಟ್ಟಾಗಿದೆ ಅಂತ ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಸದನಕ್ಕೆ ತಿಳಿಸಿದರು. ಬಿಜೆಪಿಯ ಮಹೇಶ ಟೆಂಗಿನಕಾಯಿ ಹಿಡಿದ ಪಟ್ಟು ಬಿಡಲಿಲ್ಲ, ಫೆಬ್ರವರಿ ಮತ್ತು ಮಾರ್ಚ್ ತಿಂಗಳದ್ದು ಎಲ್ಲಿ ಅಂತ. ಕೊನೆಗೆ ಆ ಎರಡು ಕಂತು ಹೋಗಿಲ್ಲ ಅನ್ನುವುದು ಒಪ್ಪಬೇಕಾಯಿತು, ಸಚಿವೆ ವಿಷಾದ ವ್ಯಕ್ತಪಡಿಸಿದರು. ಲೆಕ್ಕ ಹಾಕಿ ನೋಡಿ. ಯೋಜನೆಗೆ 2024-25ರ ವರ್ಷಕ್ಕೆ 28,608 ಕೋಟಿ ಇಟ್ಟಿದ್ದರು, ಅಂದರೆ ತಿಂಗಳಿಗೆ ಸುಮಾರು 2,384 ಕೋಟಿ. ಎರಡು ತಿಂಗಳು ಅಂದರೆ ಹತ್ತಿರ ಹತ್ತಿರ ಐದು ಸಾವಿರ ಕೋಟಿ. ಇಷ್ಟು ದೊಡ್ಡ ಮೊತ್ತ ಹೋಗಿಲ್ಲ ಅನ್ನುವುದು ಸರ್ಕಾರದ ಬಾಯಿಂದ ಬಂದದ್ದು ಒಬ್ಬ ಶಾಸಕ ತಿಂಗಳ ಹೆಸರು ಹಿಡಿದು ಕೇಳಿದ್ದಕ್ಕೆ. ನಮ್ಮ ಬೀದಿಯ ಹೆಂಗಸರಿಗೆ ಇದು ಮೊದಲೇ ಗೊತ್ತಿತ್ತು ಬಿಡಿ. ಪಾಸ್‌ಬುಕ್ ಎಂಟ್ರಿ ಮಾಡಿಸುವುದರಲ್ಲಿ ಅವರನ್ನು ಮೀರಿಸುವ ಆಡಿಟರ್ ಇಲ್ಲ. 'ಗೃಹಲಕ್ಷ್ಮಿ ಸರಿಯಾಗಿ ಬರುತ್ತಿದೆಯೇ' ಅಂತ ಕೇಳಿದ್ದರೆ 'ಹೌದು' ಅನ್ನುವ ಉತ್ತರಕ್ಕೆ ಎಲ್ಲರೂ ಮೇಜು ಕುಟ್ಟಿ ಎದ್ದು ಹೋಗುತ್ತಿದ್ದರು.

ಈಗ ನನ್ನ ತಂಗಿಯ ಟೇಬಲ್ಲಿಗೆ ವಾಪಸ್ ಬರೋಣ. ನಾನು ಹೇಳಬೇಕು ಅಂದುಕೊಂಡದ್ದು ಅಲ್ಲೇ ಇದೆ.

ರಾಜ್ಯದಲ್ಲಿ ಮಂಜೂರಾದ ಸರ್ಕಾರಿ ಹುದ್ದೆ ಸುಮಾರು 7.7 ಲಕ್ಷ. ಖಾಲಿ ಇರುವುದು 2.7 ಲಕ್ಷಕ್ಕೂ ಜಾಸ್ತಿ, 2025ರ ಹೊತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕ. ಮೂರು ಕುರ್ಚಿಗೆ ಒಂದು ಖಾಲಿ. ಅತಿ ಹೆಚ್ಚು ಶಾಲಾ ಶಿಕ್ಷಣ ಇಲಾಖೆಯಲ್ಲಿ. ಈ ಅಂಕಿಯನ್ನು ಪ್ರತಿ ಅಧಿವೇಶನದಲ್ಲಿ ಯಾರಾದರೂ ಒಬ್ಬರು ಕೇಳುತ್ತಾರೆ, ಉತ್ತರ ಬರುತ್ತದೆ, ಪೇಪರಿನಲ್ಲಿ ಬಾಕ್ಸ್ ಐಟಂ ಆಗುತ್ತದೆ, ಮುಗೀತು. ಯಾಕೆ ಖಾಲಿ ಇವೆ ಅಂದರೆ, ಖಾಲಿ ಇಡುವುದರಲ್ಲಿ ಲಾಭ ಇದೆ. ಇದು ಕಾಂಗ್ರೆಸ್ಸಿನದೋ ಬಿಜೆಪಿಯದೋ ಅಂತಲ್ಲ, ಯಾರೇ ಕೂತರೂ ಖಜಾನೆಯ ಲೆಕ್ಕ ಒಂದೇ.

ಏಳನೇ ವೇತನ ಆಯೋಗ 2024ರ ಆಗಸ್ಟ್‌ನಿಂದ ಜಾರಿಯಾಯಿತು, ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಖಾಲಿ ಇರುವ ಎಲ್ಲಾ ಹುದ್ದೆಯೂ ತೀರಾ ಕೆಳಗಿನ ದರ್ಜೆಯದೇ ಅಂತ ಇಟ್ಟುಕೊಳ್ಳಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಏನೂ ಸೇರಿಸಬೇಡಿ. 2.7 ಲಕ್ಷ ಜನರಿಗೆ 27,000 ಅಂದರೆ ತಿಂಗಳಿಗೆ 729 ಕೋಟಿ. ವರ್ಷಕ್ಕೆ 8,748 ಕೋಟಿ. ಇದು ಕಡಿಮೆ ಅಂದರೆ ಕಡಿಮೆ ಲೆಕ್ಕ. ನಿಜವಾದದ್ದು ಇದಕ್ಕಿಂತ ಎಷ್ಟೋ ಮೇಲೆ. ಇಷ್ಟು ದುಡ್ಡು ಪ್ರತಿ ವರ್ಷ ಉಳಿಯುತ್ತಿದೆ, ಆದರೆ ಬಜೆಟ್ ಭಾಷಣದಲ್ಲಿ ಉಳಿತಾಯ ಅಂತ ಎಲ್ಲೂ ಬರೆದಿರುವುದಿಲ್ಲ. ಹುದ್ದೆಯ ಪ್ರಶ್ನೆಯನ್ನು ಶಿಕ್ಷಣ ಸಚಿವರಿಗೆ ಕೇಳುತ್ತೇವೆ, ಖರ್ಚಿನ ಪ್ರಶ್ನೆಯನ್ನು ಹಣಕಾಸು ಸಚಿವರಿಗೆ ಕೇಳುತ್ತೇವೆ. ಒಬ್ಬರು 'ಆರ್ಥಿಕ ಇಲಾಖೆಗೆ ಪ್ರಸ್ತಾವನೆ ಕಳಿಸಿದ್ದೇವೆ' ಅನ್ನುತ್ತಾರೆ, ಇನ್ನೊಬ್ಬರಿಗೆ ಆ ಪ್ರಶ್ನೆಯೇ ಹೋಗಿರುವುದಿಲ್ಲ. ಎರಡೂ ಒಂದೇ ಪ್ರಶ್ನೆ ಅನ್ನುವುದು ನನ್ನ ವಾದ.

ಎಲ್ಲಾ ಹುದ್ದೆ ತುಂಬಲೇಬೇಕು ಅಂತ ನಾನೂ ಹೇಳುವುದಿಲ್ಲ. ಟೈಪಿಸ್ಟ್ ಹುದ್ದೆ ಈಗ ಯಾಕೆ ಬೇಕು, ತಂಗಿ ಮೊಬೈಲ್‌ನಲ್ಲೇ ಮಾಡುತ್ತಾಳೆ. ಬೇಡದ ಹುದ್ದೆ ರದ್ದು ಮಾಡಲಿ, ಆ ಪಟ್ಟಿಯನ್ನೂ ಸದನದ ಮುಂದೆ ಇಡಲಿ. ಆದರೆ ಶಾಲೆಯ ಹುದ್ದೆ, ನರ್ಸ್ ಹುದ್ದೆ ನಿಜವಾಗಿ ಖಾಲಿ ಇರುವುದಿಲ್ಲ. ಅಲ್ಲಿ ಯಾರೋ ಒಬ್ಬರು ಕೂತಿರುತ್ತಾರೆ, ಅತಿಥಿ, ಹೊರಗುತ್ತಿಗೆ, ಗೌರವಧನ ಅಂತ ಬೇರೆ ಬೇರೆ ಹೆಸರಿನಲ್ಲಿ, ಕಾಲುಭಾಗ ಸಂಬಳಕ್ಕೆ. ಟೇಬಲ್ಲಿನಲ್ಲಿ ಅವರಿಗೆ ಕಾಲಂ ಇಲ್ಲ. ಷರಾದಲ್ಲಿ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ಕಡೆ ಸರ್ಕಾರಿ ಕೆಲಸಕ್ಕೆ ಇಷ್ಟು ಬಾಯಿ ಬಿಡುವುದಕ್ಕೂ ಕಾರಣ ಇದೆ. ಒಂದು ಕಾಲಕ್ಕೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ನಮ್ಮ ಅಜ್ಜ ಮಿಲ್ಲಿನ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹೋಯಿತು, ಲೇತ್ ಮಷಿನ್ ಮಾಡುತ್ತಿದ್ದ ಕಂಪನಿ, ಎಷ್ಟು ಮನೆಗಳ ಅನ್ನ. ಆಮೇಲೆ ಊರಿಗೆ ಬಂದದ್ದು ಕಾಲೇಜುಗಳು. ಇಂಜಿನಿಯರಿಂಗ್, ಮೆಡಿಕಲ್, ಡಿ.ಎಡ್, ಬಿ.ಎಡ್. ಓದಿಸುವ ಊರಾಯಿತು, ಓದಿದವರಿಗೆ ಕೆಲಸ ಕೊಡುವ ಊರಾಗಲಿಲ್ಲ. ಬೆಳಗ್ಗೆ ಲೈಬ್ರರಿ ಬಾಗಿಲು ತೆಗೆಯುವ ಮೊದಲೇ ಹೊರಗೆ ಬ್ಯಾಗ್ ಇಟ್ಟು ಜಾಗ ಹಿಡಿಯುವ ಹುಡುಗ ಹುಡುಗಿಯರನ್ನು ನೋಡಿದರೆ ಇದು ಗೊತ್ತಾಗುತ್ತದೆ.

ಅವರಿಗೆ ಇನ್ನೊಂದು ವರ್ಷ ಹೋದದ್ದು ಒಳಮೀಸಲಾತಿಯ ಕಾಯುವಿಕೆಯಲ್ಲಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ನವೆಂಬರ್‌ನಲ್ಲಿ ಸರ್ಕಾರ ಹೊಸ ನೇಮಕಾತಿ ಅಧಿಸೂಚನೆಗಳಿಗೆ ತಡೆ ಹಾಕಿತು, ನಾಗಮೋಹನ್ ದಾಸ್ ಆಯೋಗದ ವರದಿ ಬಂದು ಸಂಪುಟ ತೀರ್ಮಾನ ಮಾಡುವಾಗ 2025ರ ಆಗಸ್ಟ್. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಯ ಮಾದಿಗರ ಕೇರಿಗಳಲ್ಲಿ ಇದಕ್ಕಾಗಿ ದಶಕಗಳಿಂದ ನಡೆದವರಿದ್ದಾರೆ. ಆದರೆ ಆ ಅವಧಿಯಲ್ಲಿ ವಯೋಮಿತಿ ದಾಟಿದವರ ಪಾಡೇನು, ನಿಂತುಹೋದ ನೇಮಕಾತಿಗಳು ಎಷ್ಟು, ಆ ಹುದ್ದೆಗಳ ಸಂಬಳದ ಬಾಬ್ತು ಎಲ್ಲಿಗೆ ಹೋಯಿತು? ಮೊದಲನೆಯದನ್ನು ಬೀದಿಯಲ್ಲಿ ಹುಡುಗರೇ ಕೇಳಿದರು, ಧಾರವಾಡದಲ್ಲಿ ರಸ್ತೆಗಿಳಿದರು, ವಯೋಮಿತಿ ಸಡಿಲಿಕೆ ಸಿಕ್ಕಿತು. ಮೂರನೆಯದನ್ನು ಕೇಳಿದವರನ್ನು ನಾನು ಕಾಣೆ.

ಕೇಳಬೇಕಾದವರು ಯಾರು? ಇಲ್ಲಿ ನಮ್ಮ ಎರಡು ಜಿಲ್ಲೆಯ ಒಂದು ವಿಚಿತ್ರ ಇದೆ. ದಾವಣಗೆರೆಗೆ ಏಳು ಕ್ಷೇತ್ರ, ಚಿತ್ರದುರ್ಗಕ್ಕೆ ಆರು. 2023ರಲ್ಲಿ ಈ ಹದಿಮೂರರಲ್ಲಿ ಹನ್ನೊಂದು ಕಾಂಗ್ರೆಸ್ ಗೆದ್ದಿತು. ಬಿಜೆಪಿಗೆ ಸಿಕ್ಕಿದ್ದು ಹರಿಹರ ಮತ್ತು ಹೊಳಲ್ಕೆರೆ. ಅಂದರೆ ನಮ್ಮ ಪರವಾಗಿ ಸರ್ಕಾರವನ್ನು ಕೇಳಬೇಕಾದ ಹೆಚ್ಚಿನವರು ಸರ್ಕಾರದ ಕಡೆಯ ಬೆಂಚಿನವರು. ಆಳುವ ಪಕ್ಷದ ಶಾಸಕರೂ ಪ್ರಶ್ನೆ ಕೇಳಬಹುದು, ಕೇಳುತ್ತಾರೆ ಕೂಡ. ಆದರೆ ಆ ಪ್ರಶ್ನೆಯ ದನಿ ಬೇರೆ. 'ನಮ್ಮ ಕ್ಷೇತ್ರಕ್ಕೂ ದಯವಿಟ್ಟು' ಅನ್ನುವ ದನಿ. ಅನುದಾನ ಬೇಕು, ನಾಳೆ ನಿಗಮ ಮಂಡಳಿ ಬೇಕು, ಮುಂದೆ ಟಿಕೆಟ್ ಬೇಕು. ಅವರಿಗೆ ತಮ್ಮದು ಅಂತ ಇರುವ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಅದರಲ್ಲಿ ಎಷ್ಟು ಸಮುದಾಯ ಭವನ, ಎಷ್ಟು ಸಿಸಿ ರಸ್ತೆ ಆಗುತ್ತದೆ? ಉಳಿದದ್ದಕ್ಕೆಲ್ಲಾ ಸಚಿವರ ಬಾಗಿಲಿಗೇ ಹೋಗಬೇಕು. ಯಾರ ಬಾಗಿಲಿಗೆ ಬೆಳಗ್ಗೆ ಹೋಗಿ ನಿಂತಿದ್ದರೋ ಅವರನ್ನೇ ಮಧ್ಯಾಹ್ನ ನಿಲ್ಲಿಸಿ ಕೇಳು ಅಂದರೆ ಯಾರು ಕೇಳುತ್ತಾರೆ. ಬಿಜೆಪಿ ಆಳುತ್ತಿದ್ದಾಗ ಇದೇ ನಾಟಕ, ಪಾತ್ರಧಾರಿಗಳು ಬೇರೆ ಅಷ್ಟೇ.

ಆ ಸಿಟ್ಟು ಎಲ್ಲಿ ಹೊರಗೆ ಬರುತ್ತದೆ ಅಂದರೆ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ. 'ಅಧಿಕಾರಿಗಳಿಗೆ ಶಾಸಕರ ತರಾಟೆ' ಅನ್ನುವ ಹೆಡ್ಡಿಂಗನ್ನು ನಮ್ಮ ಜಿಲ್ಲಾ ಪುಟದವರು ಬ್ಲಾಕ್ ಮಾಡಿ ಇಟ್ಟುಕೊಂಡಿರಬೇಕು, ಪ್ರತಿ ಸಭೆಗೂ ಅದೇ. ಬಿಇಒ ತಲೆ ತಗ್ಗಿಸಿ ನಿಂತಿರುತ್ತಾರೆ. ಶಿಕ್ಷಕರನ್ನು ನೇಮಿಸುವುದು ಬಿಇಒ ಕೈಯಲ್ಲಿಲ್ಲ, ದುಡ್ಡು ಬಿಡುವುದೂ ಇಲ್ಲ. ಕೈಯಲ್ಲಿರುವವರು ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ, ಉಸ್ತುವಾರಿ ಸಚಿವರು. ಅವರ ಕಡೆ ತಿರುಗಿದ ಒಂದು ಫೋಟೋ ನಾನು ನೋಡಿಲ್ಲ.

ಪ್ರಶ್ನೆಯನ್ನು ಯಾರಿಗೆ ಕೇಳುವುದು ಅನ್ನುವ ತೊಡಕು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. 29.90 ಟಿಎಂಸಿ ನೀರು, ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು ಮತ್ತು ನಮ್ಮ ಜಗಳೂರು ಸೇರಿ ಎರಡೂಕಾಲು ಲಕ್ಷ ಹೆಕ್ಟೇರ್. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ 5,300 ಕೋಟಿ ನೆರವು ಅಂತ ಘೋಷಿಸಿದಾಗ ಚಿತ್ರದುರ್ಗದಲ್ಲಿ ಸಿಹಿ ಹಂಚಿದ್ದರು. ಆಮೇಲೆ ಶುರುವಾಯಿತು. ವಿಧಾನಸಭೆಯಲ್ಲಿ ಕೇಳಿದರೆ 'ಕೇಂದ್ರ ಕೊಟ್ಟಿಲ್ಲ', ದೆಹಲಿಯವರನ್ನು ಕೇಳಿದರೆ ರಾಜ್ಯದ ಕಡೆ ಬೆರಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? ಇಲ್ಲೂ ಅದೇ ಮೂರು ಪದ ಇಟ್ಟು ನೋಡಿ. 5,300 ಕೋಟಿ ಅನ್ನುವುದು ಘೋಷಣೆ. ಹಂಚಿಕೆಯೂ ಪೂರ್ತಿ ಅಲ್ಲ, ಬಿಡುಗಡೆ ಅಂತೂ ದೂರದ ಮಾತು. ಸಿಹಿ ಮಾತ್ರ ಅವತ್ತೇ ವೆಚ್ಚವಾಯಿತು.

ಚಳ್ಳಕೆರೆಯ ಕುದಾಪುರದ್ದು ಇದೇ ರೀತಿ. ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ಡಿಆರ್‌ಡಿಒ, ಇಸ್ರೋ, ಬಿಎಆರ್‌ಸಿ, ಐಐಎಸ್‌ಸಿಗೆ ಹೋಯಿತು. ಸುತ್ತಲಿನ ಹಳ್ಳಿಯವರಿಗೆ ಎಷ್ಟು ಕೆಲಸ ಸಿಕ್ಕಿತು ಅಂತ ರಾಜ್ಯದ ಸಚಿವರಿಗೆ ಕೇಳಿದರೆ ಅದು ಕೇಂದ್ರದ ಸಂಸ್ಥೆಗಳ ವಿಷಯ. ಭೂಮಿ ಕೊಟ್ಟದ್ದು ರಾಜ್ಯ, ಕೆಲಸ ಕೊಡುವುದು ಕೇಂದ್ರ. ಹಾಗಾಗಿ ಇದನ್ನು ಕೇಳಬೇಕಾದದ್ದು ಸಂಸದರು. ಇನ್ನು ಹರಪನಹಳ್ಳಿಯವರು ಈ ಲೆಕ್ಕದಲ್ಲಿ ಜಾಣರು. ಕಲ್ಯಾಣ ಕರ್ನಾಟಕದವರಿಗೆ ಕೆಲಸದಲ್ಲಿ ಮೀಸಲಾತಿ ಕೊಡುವ 371ಜೆ ಸೌಲಭ್ಯ ಸಿಗಲಿ ಅಂತ 2018ರಲ್ಲಿ ದಾವಣಗೆರೆ ಜಿಲ್ಲೆ ಬಿಟ್ಟು ಬಳ್ಳಾರಿಗೆ ಹೋದರು, ಈಗ ವಿಜಯನಗರದಲ್ಲಿದ್ದಾರೆ. ಕೆಲಸಕ್ಕಾಗಿ ಜಿಲ್ಲೆಯನ್ನೇ ಬದಲಾಯಿಸಿದ ತಾಲ್ಲೂಕು ಅದು.

ಖರ್ಚಿನ ಮೇಲೆ ಕಣ್ಣಿಡಲು ಪ್ರಶ್ನೆಯಷ್ಟೇ ಅಲ್ಲ, ಬೇರೆ ದಾರಿಯೂ ಇದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಸದನದ ಮುಂದೆ ಬರುತ್ತದೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಹಿಡಿದು ಅಧಿಕಾರಿಗಳನ್ನು ಕೂರಿಸಿ ಕೇಳುತ್ತದೆ, ವಾಡಿಕೆಯಂತೆ ಆ ಸಮಿತಿಗೆ ವಿರೋಧ ಪಕ್ಷದವರು ಅಧ್ಯಕ್ಷರು. 2025ರ ಆಗಸ್ಟ್‌ನಲ್ಲಿ ಮಂಡನೆಯಾದ ವರದಿ, 2023-24ರ ಲೆಕ್ಕದ್ದು, ವಿತ್ತೀಯ ಕೊರತೆ 46,623 ಕೋಟಿಯಿಂದ 65,522 ಕೋಟಿಗೆ ಏರಿದೆ, ಬಂಡವಾಳ ವೆಚ್ಚ ಹಿಂದಿನ ವರ್ಷಕ್ಕಿಂತ 5,229 ಕೋಟಿ ಇಳಿದಿದೆ ಅಂತ ಹೇಳಿತು. ಗ್ಯಾರಂಟಿಯಿಂದ ಹೀಗಾಯಿತು ಅಂತ ಒಬ್ಬರು, ಬಡವರ ಕೈಗೆ ದುಡ್ಡು ಹೋದರೆ ತಪ್ಪೇನು ಅಂತ ಇನ್ನೊಬ್ಬರು. ತಂಗಿಗೆ ಬಸ್ಸು ಫ್ರೀ ಆಗದಿದ್ದರೆ ಆ ಕೆಲಸ ಎಂದೋ ಬಿಡುತ್ತಿದ್ದಳು, ಹಾಗಾಗಿ ಗ್ಯಾರಂಟಿಯನ್ನು ಸುಮ್ನೆ ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಅವಳ ಹುದ್ದೆ ಖಾಲಿ ಇಟ್ಟು ಉಳಿಸಿದ ದುಡ್ಡಿನಲ್ಲೇ ಅವಳಿಗೆ ಫ್ರೀ ಟಿಕೆಟ್ ಕೊಡುತ್ತಿದ್ದಾರಾ ಅನ್ನುವ ಅನುಮಾನವೂ ಹೋಗುವುದಿಲ್ಲ.

ಸದನ ನಡೆದರೆ ತಾನೇ ಇದೆಲ್ಲಾ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ 2005ರಲ್ಲಿ ಇವರೇ ಕಾಯ್ದೆ ಮಾಡಿಕೊಂಡರು. ಹೆಚ್ಚಿನ ವರ್ಷ ಅದರ ಹತ್ತಿರಕ್ಕೂ ಹೋಗಿಲ್ಲ. ನಡೆದ ದಿನಗಳಲ್ಲೂ ಗಲಾಟೆ. 2025ರ ಮಾರ್ಚ್ 21 ನೆನಪಿದೆಯಾ? ಹನಿಟ್ರ್ಯಾಪ್ ಗದ್ದಲದಲ್ಲಿ ಬಿಜೆಪಿಯ 18 ಶಾಸಕರು ಆರು ತಿಂಗಳು ಅಮಾನತಾದ ದಿನ. ಅದೇ ದಿನ, ಅದೇ ಗದ್ದಲದಲ್ಲಿ, ಚರ್ಚೆ ಇಲ್ಲದೆ ಒಂದು ಮಸೂದೆ ಪಾಸಾಯಿತು. ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಯದು 75,000ದಿಂದ ಒಂದೂವರೆ ಲಕ್ಷಕ್ಕೆ. ಸಾರ್ವಜನಿಕ ಖರ್ಚಿನ ವಿಷಯ ತಾನೇ ಇದು? ಒಂದು ಪ್ರಶ್ನೆ ಬರಲಿಲ್ಲ. ಆರ್ಥಿಕ ಇಲಾಖೆಯ ಸಹಮತಿ ಹಂತ ಹಂತವಾಗಿ ಬರಲಿ ಅಂತಲೂ ಯಾರೂ ಅನ್ನಲಿಲ್ಲ.

ಮೊನ್ನೆ ಭಾನುವಾರ ತಂಗಿಯ ಎದುರು ಕೂತು, ನಮ್ಮ ಶಾಸಕರ ಆಫೀಸಿಗೆ ಕೊಡೋಣ ಅಂತ, ಅದೇ ಸರ್ಕಾರಿ ಭಾಷೆಯಲ್ಲಿ ಒಂದು ಪ್ರಶ್ನೆ ಬರೆದೆ. 'ದಾವಣಗೆರೆ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಖಾಲಿ ಇರುವ ಪ್ರತಿ ಶಿಕ್ಷಕ ಹುದ್ದೆಯು ಯಾವ ದಿನಾಂಕದಿಂದ ಖಾಲಿ ಇದೆ. ಸದರಿ ಹುದ್ದೆಯಲ್ಲಿ ಈಗ ಪಾಠ ಮಾಡುತ್ತಿರುವವರು ಯಾರು, ಅವರಿಗೆ ನೀಡುತ್ತಿರುವ ಮೊತ್ತ ಎಷ್ಟು, ಕೊನೆಯ ಬಾರಿ ಪಾವತಿಸಿದ ದಿನಾಂಕ ಯಾವುದು. ಹುದ್ದೆ ಭರ್ತಿಯಾಗಿದ್ದರೆ ಆಗುತ್ತಿದ್ದ ವೆಚ್ಚಕ್ಕೂ ಈಗಿನ ವೆಚ್ಚಕ್ಕೂ ಇರುವ ವ್ಯತ್ಯಾಸದ ಮೊತ್ತವನ್ನು ಕಳೆದ ಮೂರು ವರ್ಷಗಳಲ್ಲಿ ಯಾವ ಲೆಕ್ಕ ಶೀರ್ಷಿಕೆಗೆ ಬಳಸಲಾಗಿದೆ. ಭರ್ತಿಯ ಪ್ರಸ್ತಾವನೆ ಆರ್ಥಿಕ ಇಲಾಖೆಗೆ ಹೋದ ದಿನಾಂಕ ಮತ್ತು ಅದು ಹಿಂತಿರುಗಿದ ದಿನಾಂಕ?'

ತಂಗಿ ಎರಡು ಸಲ ಓದಿದಳು. ಒಂದು ಕಡೆ 'ಸದರಿ' ಸರಿ ಇದೆ ಅಂತ ತಲೆ ಆಡಿಸಿದಳು.

'ಚೆನ್ನಾಗೈತೆ ಅಣ್ಣಾ' ಅಂದಳು. 'ಆದ್ರೆ ಮಾರ್ಚ್ ಒಳಗೆ ಹಾಕಿಸು. ಆಮೇಲೆ ನಾನು ಇರಲ್ಲ, ಅವರಿಗೆ ಟೈಪ್ ಮಾಡಿಕೊಡೋರು ಯಾರೂ ಸಿಗಲ್ಲ.'